ಬೆನ್ನಿನ ಚಿತ್ರ

ದುರ್ಗದ ಕೋಟೆಯ ನೆರಳು
ನಾಲ್ಕು ಗಂಟೆಗೇ ಅಂಗಡಿಯ ಹೊಸ್ತಿಲು ದಾಟುತ್ತದೆ.
ಮೌನಾಚಾರಿ ಕನ್ನಡಕ ಹಣೆಗೇರಿಸಿ
ನನ್ನ ಜೆರಾಕ್ಸ್ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದ.

ದಾವಣಗೆರೆಯಿಂದ ಬಂದಿದ್ದೆ ಇದೊಂದಕ್ಕೇ.
ಆರು ವರ್ಷದಿಂದ ಓದುತ್ತಿರುವುದು ಈ ಮುಖಗಳನ್ನೇ:
ಗಬಾನ್ ಕಾಡಿನ ಕೋಟಾ ಜನರ ಕಾವಲು ಗೊಂಬೆ,
ಮರದ ಮೈಗೆ ಹಿತ್ತಾಳೆ ತಗಡು, ತಾಮ್ರದ ಪಟ್ಟಿ,
ನೆತ್ತಿಯ ಮೇಲೊಂದು ಅಡ್ಡ ಚಂದ್ರ.
ಕತ್ತಿನ ಕೆಳಗೆ ಎದೆಯಿಲ್ಲ, ಹೊಟ್ಟೆಯಿಲ್ಲ,
ಗಾಳಿಪಟದಂಥ ಬರಿ ಚೌಕಟ್ಟು.

ನಾನು ಒಂದನ್ನೂ ಕಣ್ಣಾರೆ ಕಂಡವಳಲ್ಲ.
ಸ್ಕೇಲಿಟ್ಟು ಹಣೆ ಅಳೆದಿದ್ದೇನೆ,
ಇದು ಉತ್ತರದ್ದು, ಇದು ದಕ್ಷಿಣದ್ದು,
ಇವೆರಡೂ ಒಂದೇ ಕೈಯವು ಎಂದು
ಪೆನ್ಸಿಲ್ಲಿನಲ್ಲಿ ಬರೆದು, ಅಳಿಸಿ, ಬರೆದಿದ್ದೇನೆ.

"ಹಿಂದ್ಗಡೆ ಚಿತ್ರ ಎಲ್ಲೈತೆ?" ಅಂದ.
ಇಲ್ಲ, ಪುಸ್ತಕದಲ್ಲಿ ಎಲ್ಲಾ ಮುಂದಿನದೇ.
"ಹಂಗಾದ್ರೆ ಮಾಡಿದೋನು ಯಾರಂತ
ಹೆಂಗೆ ಹೇಳ್ತೀಯ ತಾಯಿ?
ಮುಖ ನೋಡೋರ್ದು.
ಮೊಳೆ ಬಗ್ಗಿಸಿದ್ದು, ತಗಡು ಸಾಲದೆ ತುಂಡು ಸೇರ್ಸಿದ್ದು,
ಬ್ಯಾಸರ ಬಂದು ಸುತ್ತಿಗೆ ಜೋರಾಗಿ ಬಿದ್ದಿದ್ದು
ಎಲ್ಲಾ ಬೆನ್ನಾಗಿರ್ತೈತೆ."

ಹಾಳೆಯನ್ನು ತಿರುಗಿಸಿಯೂ ನೋಡಿದ.
ಬಿಳಿ. ಚಹಾ ಲೋಟದ ಒಂದು ಉಂಗುರ.

ಏನನ್ನ ಕಾಯ್ತಿತ್ತು?
ಬುಟ್ಟಿ. ಒಳಗೆ ತಾತ ಮುತ್ತಾತರ ಮೂಳೆ.
ಬುಟ್ಟಿ ಎಲ್ಲಿ?
ಕೊಂಡವರಿಗೆ ಹೊಳೆಯುವುದಷ್ಟೇ ಸಾಕಾಗಿತ್ತು, ಅಂದೆ.
ಮೂಳೆ ಎಲ್ಲಿ ಚೆಲ್ಲಿದರೋ
ಅಡಿಟಿಪ್ಪಣಿಯಲ್ಲೂ ಇಲ್ಲ.

ಇಕ್ಕಳದ ತುದಿಯಿಂದ ಇದ್ದಿಲು ಕೆದಕಿದ.
ಚಳ್ಳಕೆರೆ ಕಡೆಯ ಗುಡಿಕಟ್ಟಿನವರು ಒಮ್ಮೆ
ದೇವರ ಪೆಟ್ಟಿಗೆ ಹೊತ್ತು ತಂದಿದ್ದರಂತೆ,
ಮುಚ್ಚಳಕ್ಕೆ ತಾಮ್ರ ಹೊದಿಸಲು.
ಒಳಗೇನೆಂದು ಅವರು ಹೇಳಲಿಲ್ಲ, ಇವನು ಕೇಳಲಿಲ್ಲ.
ಮೂರು ರಾತ್ರಿ ಕಂಬಳಿ ಹಾಸಿ ಇಲ್ಲೇ ಮಲಗಿದರು,
ಸರದಿಯ ಮೇಲೆ ಒಬ್ಬೊಬ್ಬರು ಎಚ್ಚರ.
"ಬರೇ ಮುಚ್ಚಳ ತಂದಿದ್ರೆ
ನಾನು ಸುತ್ತಿಗೆ ಮುಟ್ತಿರ್ಲಿಲ್ಲ."

ಕತ್ತಲಾಗುವ ಹೊತ್ತಿಗೆ ಜಾಲಿಯ ತುಂಡೊಂದಕ್ಕೆ
ಹಳೇ ಕೊಡದ ಹಿತ್ತಾಳೆ ಕತ್ತರಿಸಿ ಸುತ್ತಿ
ಹನ್ನೊಂದು ಮೊಳೆ ಹೊಡೆದು ಕೊಟ್ಟ.
ಮುಖ ಮಾಡಲಿಲ್ಲ.
ಕೂಲಿ ಬೇಡವೆಂದ; ಕೊಡದ ಬೆಲೆ ಬಿಡಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರ್ ಬಗ್ಗಿ ನೋಡಿದ.
"ದೇವರೇನ್ರಿ?"
ಅಲ್ಲ, ಕಾವಲುಗಾರ.
"ಏನ್ ಕಾಯ್ತತಿ?"

ಭರಮಸಾಗರ ಬರುವವರೆಗೂ ಉತ್ತರ ಹುಡುಕಿದೆ.
ಅವನಾಗಲೇ ಹಿಂದಿನ ಸೀಟಿನಲ್ಲಿ ಚಿಲ್ಲರೆಗೆ ಜಗಳದಲ್ಲಿದ್ದ.
ಮುಖವಿಲ್ಲದ್ದನ್ನು ಮಡಿಲಲ್ಲಿ ಬೋರಲು ಮಲಗಿಸಿ
ಕತ್ತಲಲ್ಲೇ ಬೆರಳಿಂದ ಮೊಳೆ ಎಣಿಸಿದೆ.
ಹತ್ತು.
ಮತ್ತೆ ಎಣಿಸಿದೆ, ಹತ್ತೇ.
ಹನ್ನೊಂದನೆಯದು ಎಲ್ಲೋ ತಗಡಿನ ಮಡಿಕೆಯೊಳಗೆ
ಅವನಿಗಷ್ಟೇ ಗೊತ್ತು.