ಹುಳಿ ಸಾಲದು

ನಾನು ನಾಗಮಂಗಲದ ಕಡೆಯವಳು,
ಮುದ್ದೆ ಕಟ್ಟಿ ಬೆಳೆದ ಕೈ.
ಇಲ್ಲಿ ವಿರಾಜಪೇಟೆಯಲ್ಲಿ,
ಗಡಿಯಾರ ಕಂಬದ ಹಿಂದಿನ ಇಳಿಜಾರಿನ ಮನೆಯಲ್ಲಿ,
ಭಾನುವಾರ ಹನ್ನೊಂದಕ್ಕೆ
ಅತ್ತೆಯ ಎದುರು ಕೂತು ಕಡಂಬುಟ್ಟು ಕಟ್ಟುತ್ತೇನೆ.
ನನ್ನವು ದೊಡ್ಡವಾಗುತ್ತವೆ.
"ಇದು ನಿಮ್ಮೂರ ಮುದ್ದೆಯಲ್ಲ, ಟೀಚರೇ" ಎನ್ನುತ್ತಾರೆ ಅತ್ತೆ,
ಒಂದನ್ನು ಮುರಿದು ಎರಡು ಮಾಡುತ್ತಾ.
ಹನ್ನೆರಡು ವರ್ಷವಾಯಿತು. ಇನ್ನೂ ಟೀಚರೇ.

ತರಿ ಬಿಸಿಯಿರುವಾಗಲೇ ಕಟ್ಟಬೇಕು.
ಅಂಗೈ ಒದ್ದೆ ಮಾಡಿಕೊ, ಸುಡಿಸಿಕೊ, ಮತ್ತೆ ಒದ್ದೆ ಮಾಡಿಕೊ.
ಮಾತಿಗೆ ಪುರುಸೊತ್ತಿಲ್ಲ,
ಅದಕ್ಕೇ ಇರಬೇಕು, ನಾವಿಬ್ಬರೂ ಚೆನ್ನಾಗಿದ್ದೇವೆ.

ಒಲೆಯ ಮೇಲೆ ಪಂದಿ ಎರಡು ತಾಸಿನಿಂದ ಗೊಣಗುತ್ತಿದೆ.
ಹುರಿದ ಮೆಣಸು, ಜೀರಿಗೆ, ಸಾಸಿವೆ ಎಲ್ಲ ಬಿತ್ತು.
ಇನ್ನು ಕಾಚಂಪುಳಿ.

ಪ್ರತಿ ವರ್ಷ ಕೈಲ್‌ಪೊಳ್ದ್ ಕಳೆದ ಮೇಲೆ
ನಾಪೋಕ್ಲಿನ ಬಸ್ಸಿನಲ್ಲಿ, ಡ್ರೈವರ್ ಸೀಟಿನ ಹಿಂದೆ,
ಒಂದು ಹಳೆ ರಮ್ ಬಾಟಲಿ ಬರುತ್ತಿತ್ತು.
ಅತ್ತೆಯ ತಂಗಿ ಬೊಳ್ಳಮ್ಮ ಕುದಿಸಿ ಕುದಿಸಿ
ಟಾರಿನಷ್ಟು ಕಪ್ಪಗೆ ಮಾಡಿದ ಹುಳಿ.
ಬಾಯಿಗೆ ಬಾಳೆನಾರು. ಚೀಟಿಯಿಲ್ಲ, ಹೆಸರಿಲ್ಲ.
ಈ ವರ್ಷ ಬರಲಿಲ್ಲ.
ಮೇ ತಿಂಗಳ ಮದುವೆಯೊಂದರಲ್ಲಿ ಬೊಳ್ಳಮ್ಮ
"ಅಕ್ಕನ ಕೈರುಚಿಯೆಲ್ಲ ನನ್ನ ಬಾಟಲಿಯದೇ" ಅಂದರಂತೆ.
ತಮಾಷೆಗೆ.
ಎಲ್ಲರೂ ನಕ್ಕರಂತೆ, ಒಬ್ಬರ ಹೊರತು.

ಅತ್ತೆ ಅಂಗಡಿಯ ಬಾಟಲಿ ತೆಗೆದರು.
ಲೇಬಲ್ಲಿನ ಮೇಲೆ ಬೆಟ್ಟ, ಸೂರ್ಯ, ಬಾರ್‌ಕೋಡು.
ಎರಡು ಚಮಚ. ಮೂಸಿದರು.
ಇನ್ನೊಂದು. ಮತ್ತೆ ಮೂಸಲಿಲ್ಲ.

ಒಂದೂವರೆಗೆ ಎಲ್ಲ ಕೂತೆವು.
ನನ್ನ ಗಂಡ ಬಿದ್ದಪ್ಪ ಲೈನ್‌ಮನ್, ತಟ್ಟೆಯ ಪಕ್ಕ ಮೊಬೈಲು,
ಎಲ್ಲಾದರೂ ಮರ ಬಿದ್ದರೆ ಎಂಜಲು ಕೈಯಲ್ಲೇ ಓಡುವವನು.
ಇವತ್ತು ಗಾಳಿಯಿಲ್ಲ.
ಮಾವ ಉತ್ತಯ್ಯ ಕಡಂಬುಟ್ಟಿನ ನಡುವೆ
ಹೆಬ್ಬೆರಳಲ್ಲಿ ಕುಳಿ ತೋಡಿ ರಸ ಬಿಡುತ್ತಾರೆ,
ಮಡಿಗೆ ನೀರು ಕಟ್ಟುವವರ ಗಾಂಭೀರ್ಯದಲ್ಲಿ.
ಮಗಳು ದೇಚು ಕೊಬ್ಬಿನ ತುಂಡುಗಳನ್ನೆಲ್ಲ
ಸದ್ದಿಲ್ಲದೆ ಅಪ್ಪನ ತಟ್ಟೆಗೆ ಸಾಗಿಸುತ್ತಾಳೆ.

ಯಾರೂ ಏನೂ ಅನ್ನಲಿಲ್ಲ.
ಚೆನ್ನಾಗಿರಲಿಲ್ಲ ಅಂತಲ್ಲ.
ಚೆನ್ನಾಗಿತ್ತು,
ಬೇರೆಯವರ ಮನೆಯಲ್ಲಿ ಚೆನ್ನಾಗಿರುವ ಹಾಗೆ.
ಮಾವ ಉಪ್ಪಿನಕಾಯಿ ಕೇಳಿದರು. ಎಂದೂ ಕೇಳದವರು.

ಆಗ ದೇಚು, ಏಳು ವರ್ಷದ ನ್ಯಾಯಾಧೀಶೆ,
ಬೆರಳು ನೆಕ್ಕಿ,
"ಅಜ್ಜೀ, ಹುಳಿ ಸಾಲದು."

ಬಿದ್ದಪ್ಪ ಮೊಬೈಲು ನೋಡಿದ.
ಬೇಡದಾಗಲೆಲ್ಲ ಬರುವ ಕರೆ ಈಗ ಬರಲೊಲ್ಲದು.
ಅತ್ತೆ ಬಾಯಲ್ಲಿದ್ದುದನ್ನು ನಿಧಾನಕ್ಕೆ ಅಗಿದರು. ನುಂಗಿದರು.
"ಹೌದು" ಅಂದರು. "ಸಾಲದು."
ಮತ್ತೆ ನನ್ನ ತಟ್ಟೆಗೆ ಇನ್ನೆರಡು ಕಡಂಬುಟ್ಟು ಹಾಕಿದರು,
ನನ್ನವೇ, ದೊಡ್ಡವು, ಕಣ್ಣು ತಪ್ಪಿ ಉಳಿದಿದ್ದವು.
ದೇಚು ನಕ್ಕಳು. ಮಾವನಿಗೆ ನೆತ್ತಿಗೇರಿತು.
ನೀರು, ಬೆನ್ನು ತಟ್ಟುವುದು, ಗಲಾಟೆ;
ಊಟ ಮೂರರ ತನಕ ನಡೆಯಿತು.

ಪಾತ್ರೆ ತೊಳೆಯುವಾಗ ನೋಡುತ್ತೇನೆ,
ಅತ್ತೆ ಅಟ್ಟದಿಂದ ಹಳೆ ರಮ್ ಬಾಟಲಿ ಇಳಿಸಿ
ಬೂದಿ ಹಾಕಿ ಕುಲುಕುತ್ತಿದ್ದಾರೆ.
"ನಾಲ್ಕೂ ಇಪ್ಪತ್ತರ ಬಸ್ಸಿನ ಕಂಡಕ್ಟರ್
ನಿಮ್ಮ ಹಳೆ ಸ್ಟೂಡೆಂಟ್ ಅಲ್ಲವೇ, ಟೀಚರೇ?"
ಹೌದೆಂದೆ.
"ಖಾಲಿ ಬಾಟಲಿ ಕೊಡಿ, ಸಾಕು. ಅವಳಿಗೆ ಗೊತ್ತಾಗುತ್ತದೆ."
ನಾನು ಮೆಟ್ಟಿಲಿಳಿಯುವಾಗ ಕರೆದರು,
ಸ್ಟೀಲ್ ಡಬ್ಬಿಗೆ ಉಳಿದ ಕರಿ ತುಂಬಿ ತಂದರು.
"ಇದನ್ನೂ. ತಿಂದು ನೋಡಲಿ,
ನನ್ನ ಕೈಯದೆಷ್ಟು, ಅವಳ ಬಾಟಲಿಯದೆಷ್ಟು."

ಡಬ್ಬಿ ಇನ್ನೂ ಬಿಸಿಯಿತ್ತು.
ಬಸ್ಸು, ಎಂದಿನಂತೆ, ತಡ.