ಕಾಲು ಗಂಟೆ

ಗುರುವಾರ ಬಂತೆಂದರೆ ನನ್ನ ಕೈ ಬೆಳ್ಳಗೆ.
ಸುಣ್ಣ ಬಳಿದವಳ ಹಾಗೆ ಉಗುರ ಸಂದಿಯಲ್ಲೆಲ್ಲ ಪ್ಲಾಸ್ಟರು.
ಶೆಫೀಲ್ಡಿನ ಟ್ರ್ಯಾಮಿನಲ್ಲಿ ಎದುರು ಕೂತ ಒಬ್ಬಾಕೆ
ಬೇಕರಿಯಲ್ಲಿ ಕೆಲಸವೇ ಎಂದು ಕೇಳಿದ್ದಳು.
ಹೌದೆಂದುಬಿಟ್ಟೆ. ಪೂರಾ ಸುಳ್ಳೇನಲ್ಲ:
ಒದ್ದೆ ಪಟ್ಟಿ ಸುತ್ತುವುದು, ಸವರುವುದು, ಕಾಯುವುದು.
ನಾನು ಕಾಯುತ್ತಿದ್ದಂತೆ ಅದೂ ಕಾಯುತ್ತದೆ,
ಒಲೆಯಿಲ್ಲದೆ, ತಾನೇ.

ಹುಟ್ಟುವಾಗಲೇ ಒಳಕ್ಕೆ ತಿರುಚಿಕೊಂಡ ಪಾದಗಳು
ಮಕ್ಕಳಾಸ್ಪತ್ರೆಯ ಈ ಕೋಣೆಗೆ ಬರುತ್ತವೆ,
ಅಂಗಾಲು ಅಂಗಾಲನ್ನು ನೋಡುತ್ತ,
ಗುಟ್ಟು ಹೇಳಿಕೊಳ್ಳುವ ಇಬ್ಬರಂತೆ.

ಇವತ್ತು ಇಲ್ಹಾಮ್. ಐದು ವಾರದ ಕೂಸು, ನಾಲ್ಕನೇ ಪ್ಲಾಸ್ಟರು.
ಹಳೆಯದನ್ನು ಬಿಸಿನೀರಲ್ಲಿ ನೆನೆಸಿ ಸುರುಳಿ ಬಿಚ್ಚಿದರೆ
ಸುಲಿದ ಹಸಿ ಶೇಂಗಾದ ಹಾಗೆ
ಸುಕ್ಕು ಸುಕ್ಕಾಗಿ, ತಿಳಿಗೆಂಪಾಗಿ ಕಾಲು.
ಹೊಸದು ಸುತ್ತುವ ಮುನ್ನ ಕಾಲು ಗಂಟೆ ಬಯಲು.
ವಾರಕ್ಕೊಮ್ಮೆ, ಅಷ್ಟೇ ಹೊತ್ತು,
ಹನಾನಳಿಗೆ ಮಗಳ ಕಾಲು ಸಿಗುವುದು.
ತೊಳೆಯುತ್ತಾಳೆ, ಬೆರಳು ಬೆರಳ ಸಂದಿ.
ಕೂಸು ಒದೆಯುತ್ತದೆ ಗಾಳಿಯನ್ನು, ಬೋಗುಣಿಯನ್ನು, ನನ್ನ ಮೊಣಕೈಯನ್ನು.
ನಾನು ಜೋಡಿಸಿಟ್ಟ ಕತ್ತರಿಯನ್ನೇ ಮತ್ತೆ ಜೋಡಿಸುತ್ತೇನೆ.
ಗಡಿಯಾರದ ಕಡೆ ನೋಡುವುದಿಲ್ಲ.

ನಮ್ಮಲ್ಲಿ ಕಾಲು ಅಂದರೆ ಇದೂ ಹೌದು,
ನಾಲ್ಕರಲ್ಲೊಂದು ಪಾಲೂ ಹೌದು ಎಂದು ಬೆವರ್ಲಿಗೆ ಹೇಳಿದ್ದೆ.
ಇಪ್ಪತ್ತಾರು ವರ್ಷದಿಂದ ಪಾದ ಹಿಡಿಯುವವಳು ಅವಳು.
‘ಹಾಗಾದರೆ ನಾಲ್ಕು ಕಾಲು ಸೇರಿದರೆ ಏನು, ಲವ್?’
‘ಒಂದು ಕುರ್ಚಿ’ ಎಂದೆ.
ನಕ್ಕಳು. ಹೆಬ್ಬೆರಳು ಮಾತ್ರ ನಗಲಿಲ್ಲ.
ಪಾದದ ಪಕ್ಕದ ಒಂದೇ ಮೂಳೆಯ ಮೇಲೆ ಅದು ಊರಿ,
ಉಳಿದದ್ದನ್ನೆಲ್ಲ ಹೊರಕ್ಕೆ, ಇನ್ನಷ್ಟು ಹೊರಕ್ಕೆ,
ಎಳೆಯುವುದಲ್ಲ, ಕರೆಯುವುದು.
ಕೂಸು ಹುಬ್ಬು ಗಂಟಿಕ್ಕಿದರೆ ಅಲ್ಲಿಗೇ ನಿಂತಿತು.
ಈ ವಾರಕ್ಕೆ ಇಷ್ಟೇ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಲೇ
ರಾಯಚೂರಿನ ಗಣಿತದ ಮಾಸ್ತರು
ನನ್ನ ಬೆರಳ ಗೆಣ್ಣಿಗೆ ರೂಲರು ಬಾರಿಸುತ್ತಿದ್ದರು.
ಮಾಸ್ತರೇ, ಬಗ್ಗಿಸುವುದು ಹೀಗಂತೆ.
ಬಾಯಲ್ಲಿ ಹಾಲಿನ ಬಾಟಲಿ ಇರಬೇಕಂತೆ.

ಚಾಕು ಚೂರಿಗೆ ಹೆಸರಾದ ಊರು.
ಪರದೆಯಾಚೆ ಗರಗಸ ಗುಂಯ್ ಎಂದರೆ ಕೀರನ್ ಕಿರುಚುತ್ತಾನೆ:
ಹತ್ತು ವರ್ಷ, ಸೈಕಲ್ಲು, ಮುರಿದು ಕೂಡಿದ ಮುಂಗೈ.
ಹೋಗಿ, ನಡುಗುವ ಅಲಗನ್ನು ನನ್ನ ಅಂಗೈಗೇ ಮುಟ್ಟಿಸಿ ತೋರಿಸುತ್ತೇನೆ.
ಗಟ್ಟಿಯಾದದ್ದನ್ನಷ್ಟೇ ಕೊಯ್ಯುತ್ತದೆ ಕಣೋ,
ಮೆತ್ತಗಿರುವುದನ್ನು ಬಿಟ್ಟುಬಿಡುತ್ತದೆ.
ಅವನು ನಂಬುವುದಿಲ್ಲ.
ಮೊದಲ ದಿನ ನಾನೂ ನಂಬಿರಲಿಲ್ಲ.

ಹನಾನಳ ಅಪ್ಪ ಸಾಲಿಹ್. ಯೆಮನಿನಿಂದ ಬಂದು
ಮೂವತ್ತೊಂದು ವರ್ಷ ಕುಲುಮೆಯೆದುರು ನಿಂತವರು.
ಎಡಗೈಯ ಕಿರುಬೆರಳನ್ನು ಉಕ್ಕಿನ ಕಾರ್ಖಾನೆಗೇ ಬಿಟ್ಟು ಬಂದವರು.
ಮುಂದೆ ತೊಡಿಸಬೇಕಾದ ಪುಟ್ಟ ಬೂಟು ತೋರಿಸಿದೆ,
ಎರಡರ ನಡುವೆ ಅಡ್ಡ ಸಲಾಕೆ.
ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು:
‘ಉಕ್ಕಲ್ಲ ಇದು. ಅಲ್ಯೂಮಿನಿಯಂ.’
ಅಷ್ಟು ಬೇಸರದ ದನಿ ಈ ಕೋಣೆ ಕೇಳಿರಲಿಲ್ಲ.
ದಿನಕ್ಕೆ ಇಪ್ಪತ್ಮೂರು ಗಂಟೆ, ಮೂರು ತಿಂಗಳು,
ಆಮೇಲೆ ನಾಲ್ಕು ವರ್ಷ, ನಿದ್ದೆಯ ಹೊತ್ತಿಗೆ ಮಾತ್ರ, ಎಂದೆ.
ಉಳಿದ ಬೆರಳುಗಳಲ್ಲಿ ಎಣಿಸಿದರು.
‘ಅಷ್ಟರಲ್ಲಿ ನನಗೆ ಎಂಬತ್ತು.
ಇವಳು ಓಡಿದರೆ ಹಿಂದೆ ಓಡುವವರು ಯಾರು?’

ಉತ್ತರ ನನ್ನ ಕೆಲಸದ ಪಟ್ಟಿಯಲ್ಲಿಲ್ಲ.
ಸುತ್ತಿದೆ, ತೊಡೆಯವರೆಗೆ. ಸವರಿದೆ.
ಅಂಗೈಯೊಳಗೆ ಬಿಳಿ ಬೆಚ್ಚಗಾಯಿತು.
ಹೊರಗುಳಿದದ್ದು ಐದು ಬೆರಳ ತುದಿ.
ಕಿರುಬೆರಳನ್ನು ಒತ್ತಿ ಬಿಟ್ಟೆ:
ಬೆಳ್ಳಗಾಗಿ, ಎರಡೆಣಿಸುವಷ್ಟರಲ್ಲಿ ಕೆಂಪು.
ರಕ್ತ ಬಂದು ತಲುಪಿದೆ.
ಇನ್ನೊಮ್ಮೆ ಒತ್ತಿದೆ.
ಬೇಕಿರಲಿಲ್ಲ. ಆದರೂ.