ಮೂರು ರವಿವಾರ

ಬಿಷಪ್ ಹೌಸಿನ ಹಿಂದಿನ ಖೋಲ್ಯಾಗ
ಹಳೇ ಫ್ಯಾನ್ ಒಂದ ಮಾತಾಡತಿತ್ತು.
ಪವಿತ್ರ ಗ್ರಂಥದ ಮ್ಯಾಲ ಕೈ ಇಟ್ನಿ.
ಉಗುರಿನ ಸಂದ್ಯಾಗ ಮೈದಾ.
ತಿಕ್ಕಿ ತೊಳಕೊಂಡ ಬಂದಿದ್ನಿ, ಆದರೂ.

ಹೆಸರು? ಪಾಸ್ಕು ರೆಬೆಲೊ.
ಉದ್ಯೋಗ? ಕ್ಯಾಂಪಿನ್ಯಾಗ ಬೇಕರಿ, ಅಪ್ಪ ಕಟ್ಟಿಸಿದ ಭಟ್ಟಿ.
ವರ ನಿನಗ ಹೆಂಗ ಗೊತ್ತು?
ಎವರಿಸ್ಟ್ ಮತ್ತ ನಾ ಸಾಲ್ಯಾಗ ಒಂದ ಬೆಂಚು, ಒಂದ ಸೈಕಲ್ಲು,
ಅದಕ್ಕೂ ಬ್ರೇಕ್ ಇದ್ದಿಲ್ಲ.

ಮದುವಿ ಹಿಂದಿನ ರಾತ್ರಿ ಏನಾತು?

ಹದಿನಾಲ್ಕು ವರ್ಷ ಯಾರೂ ಕೇಳಿದ್ದಿಲ್ಲ.
ಹೇಳಿದ್ನಿ: ರೋಸ್ ಮುಗಿಸಿ,
ತೆಂಗಿನಹಾಲು ಕಿವಿ ಹಿಂದ ಹಂಗ ಒಣಗಿ,
ಭಟ್ಟಿ ಮುಂದ ಬಂದು ಕುಂತ.
ನಾ ಮೂರನೇ ಅಂತಸ್ತಿಗೆ ಸಕ್ಕರಿ ಹೂವು ಹಚ್ಚತಿದ್ನಿ.
'ನಾಳೆ ಹೌದು ಅನ್ನೋದು ನನ್ನ ಬಾಯಿ ಅಲ್ಲೋ ಪಾಸ್ಕು, ಅಪ್ಪಂದು.
ಒಲ್ಲೆ ಅಂದ್ರ ಅವ್ವನ್ನ ಹೊರಗ ಹಾಕತೀನಿ ಅಂದಾನ.'
ಅತ್ತ.
ಅವನ ಅಳು ಕೊಂಕಣಿ.
ಫಾದರ್ ಇಂಗ್ಲಿಷಿನ್ಯಾಗ ಬರಕೊಂಡ್ರು. ಒಂದು ಸಾಲು ಆತು.

'ಅಂದ್ರ ಮ್ಯಾಲ ಬೆಂದು ಒಳಗ ಹಸಿ ಇತ್ತಂತಿ?'
ನನ್ನ ಹಗುರ ಮಾಡಾಕ ನಕ್ಕರು.
ಕೇಕಿನ ಮಾತು ಬ್ಯಾಡ್ರಿ ಫಾದರ್, ಅಂದ್ನಿ.
ಅದು ಚಲೋ ಬೆಂದಿತ್ತು.

ಅವರು ಕೇಳದ ಪ್ರಶ್ನಿ ಒಂದಿತ್ತು.

ಅವ ಅತ್ತದ್ದು ಆ ರಾತ್ರಿ.
ನನಗ ಗೊತ್ತಿದ್ದದ್ದು ಅದಕ್ಕೂ ತಿಂಗಳ ಮೊದಲ.
ಮೂರು ರವಿವಾರ ಪೂಜಿ ಮುಗಿಯೂಮುಂದ ಓದಿದ್ರು:
ಇಂಥವರ ಮಗ, ಇಂಥವರ ಮಗಳು,
ಅಡ್ಡಿ ಏನಾರ ಗೊತ್ತಿದ್ದವರು ಬಂದು ತಿಳಿಸಬೇಕು.
ಎರಡು ರವಿವಾರ ನನ್ನ ಚಪ್ಪಲಿ ನೋಡಕೊಂಡು ನಿಂತಿದ್ನಿ.
ಮೂರನೇದಕ್ಕ ಹೋಗಲೇ ಇಲ್ಲ.
ಗಲ್ಲೇದಾಗ ಅಡ್ವಾನ್ಸ್ ಎಂಟನೂರು ಇತ್ತು.

ಕೋರ್ಟು ಆಗಲೇ ಹೇಳಿತ್ತು, ಮದುವಿ ಮುರದೈತಿ ಅಂತ.
ಎರಡು ವರ್ಷಕ್ಕ ಚರ್ಚಿನ ಕಾಗದ ಬಂತು:
ಮುರದಿಲ್ಲ, ಆಗೇ ಇಲ್ಲ.
ಮನಿಗೆ ಬಂದು ಹಳೇ ಆರ್ಡರ್ ಬುಕ್ಕು ತಗದ್ನಿ.
ಮೂರು ಅಂತಸ್ತು, ಬಿಳಿ ಐಸಿಂಗು, ಆರು ಕಿಲೋ.
ಕೆಳಗ ನನ್ನ ಅಕ್ಷರದಾಗ: ಮುಟ್ಟಿತು.

ಅವರ ಹುಡುಗ ಸಂಜಿಮುಂದ ಖಾರಿ ಒಯ್ಯಾಕ ಬರತಾನ.
ಹಣಿ ಎವರಿಸ್ಟಂದು, ಚಿಲ್ಲರ ಎಣಿಸೂ ರೀತಿ ಆಕಿದು.
ಮಕ್ಕಳಿಗೆ ಏನೂ ಬಾಧಿ ಇಲ್ಲ ಅಂತ ಫಾದರ್ ಹೇಳ್ಯಾರ.
ನಾ ಎರಡು ಖಾರಿ ಹೆಚ್ಚಿಗಿ ಹಾಕತೀನಿ.
'ಅಂಕಲ್, ಎಣಿಕಿ ತಪ್ಪಿತು' ಅಂತ ತಿರಗಿ ಕೊಡತಾನ.

ಈಸ್ಟರ್ ಆದ ಸೋಮವಾರ ಬೆನೆದಿತ್ತಾ ಬಂದ್ಲು.
ಪರೇಡ್ ಮೈದಾನದ ಕಹಳಿ ಇನ್ನೂ ಊದತಿತ್ತು,
ಪಾವಿನ ಮೊದಲನೇ ತಟ್ಟಿ ಹೊರಗ ಬಂದಿತ್ತು.
ಸಂತಿಬಸ್ತವಾಡದ ಬಸ್ತ್ಯಾಂವ್, ಗ್ಯಾಸ್ ಏಜೆನ್ಸ್ಯಾಗ ಕೆಲಸ,
ಹೆಂಡತಿ ತೀರಿಕೊಂಡು ಐದು ವರ್ಷ.
'ಒಂದು ಕಿಲೋ ಸಾಕು' ಅಂದ್ಲು.
ಅಂತಸ್ತು?
'ಬ್ಯಾಡ.'
ಹೂವು?
'ಒಂದು ಇರಲಿ. ಸಣ್ಣದು.'

ರೊಕ್ಕ ಇಟ್ಲು. ನಾ ಹಿಂದಕ ಸರಿಸಿದ್ನಿ.
ಮತ್ತ ಮುಂದಕ ಸರಿಸಿದ್ಲು.
'ನಿನ್ನ ಹೇಳಿಕಿ ಓದಿನಿ, ಪಾಸ್ಕು.
ಅವತ್ತ ನನಗ ಬಂದು ಹೇಳಿದ್ದ್ರ
ನಾ ಅಳತಿದ್ನಿ. ಒಂದು ವಾರ.'

ಪಾವು ಆರತಿತ್ತು.
ಆಕಿ ನಾಕು ಪಾವು ತಾನ ಆರಿಸಿ ಚೀಲಕ್ಕ ಹಾಕಿಕೊಂಡ್ಲು.

'ಈ ಸಲಾನೂ ಮೂರು ರವಿವಾರ ಓದತಾರ.
ಮೂರಕ್ಕೂ ಬಾ. ಮುಂದ ಕುಂಡರು.
ಏನಾರ ಗೊತ್ತಿದ್ರ...'
ಅಷ್ಟಕ್ಕ ಬಿಟ್ಟು ಹೋದ್ಲು.

ನಿನ್ನೆ ಮೊದಲನೇದು.
ಅಂಗಿಗೆ ಇಸ್ತ್ರಿ ಮಾಡಿಸಿ, ಮುಂದಿನ ಬೆಂಚಿನ ತುದಿಗೆ ಕುಂತಿದ್ನಿ.
ಬಸ್ತ್ಯಾಂವ್, ಬೆನೆದಿತ್ತಾ: ಎರಡೂ ಹೆಸರು ಓದಿದ್ರು.
ಅಡ್ಡಿ ಏನಾರ ಗೊತ್ತಿದ್ದವರು.
ಹಿಂದ ಯಾರೋ ಕೆಮ್ಮಿದ್ರು.
ನನಗ ಏನೂ ಗೊತ್ತಿದ್ದಿಲ್ಲ.
ಎದ್ದು ನಿಂತು
ಅದನ್ನರ ಹೇಳಬೇಕನಿಸಿತು.